ಕಾಗದಕ್ಕೆ ಬೆಲೆ ಬಂದ ಬಗೆ: ನಮ್ಮ ರೂಪಾಯಿ ಮತ್ತು ಅದರ ನೋಟುಗಳು



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬೀಜೋಪಚಾರ, ಗೊಬ್ಬರದ ಗುಂಡಿ, ಮೆಕ್ಕೆಜೋಳಕ್ಕೆ ಬೀಳುವ ಹುಳು ಮುಂತಾದ ವಿಷಯಗಳನ್ನು ಬರೆಯುವವನು. ನಾನು ಓದಿದ್ದೂ ಬೇಸಾಯದ ಡಿಪ್ಲೊಮಾ. ಈ ಸಲ ಹಣದ ವಿಷಯ ಬರೆಯುವುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿ ಆಮೇಲೆ ಪಾಠಕ್ಕೆ ಬರುತ್ತೇನೆ.

ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೆಂಗಸರ ಸ್ವಸಹಾಯ ಸಂಘವೊಂದಿದೆ. ಅದರ ಸದಸ್ಯೆಯೊಬ್ಬರು ಒಂದು ದಿನ ಬೆಳಗಿನ ಜಾವ ದಾವಣಗೆರೆಯ ಮಾರುಕಟ್ಟೆಗೆ ಹಸಿಮೆಣಸಿನಕಾಯಿ, ಬದನೆಕಾಯಿ ಒಯ್ದು ಮಾರಿದರು. ಕೈಗೆ ಬಂದದ್ದು ರೂ. 1,700. ಐನೂರರ ನೋಟು ಮೂರು, ನೂರರ ನೋಟು ಎರಡು. ಇನ್ನೂ ಬೆಳಕು ಹರಿದಿರಲಿಲ್ಲ. ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡರು. ಸಂಜೆ ಸಂಘದ ಸಭೆಯಲ್ಲಿ ಸಾಲದ ಕಂತಿಗೆಂದು ಐನೂರರ ಒಂದು ನೋಟು ಕೊಟ್ಟರು. ಹಣ ತೆಗೆದುಕೊಳ್ಳುವ ಹೆಣ್ಣುಮಗಳು ಅದನ್ನು ದೀಪದ ಕೆಳಗೆ ಅತ್ತಿತ್ತ ಓರೆ ಮಾಡಿ ನೋಡಿ, ಇನ್ನೊಂದು ನೋಟಿನ ಪಕ್ಕದಲ್ಲಿಟ್ಟು, "ಅಕ್ಕಾ, ಇದು ಖೋಟಾ ಇದ್ದಂಗದೆ" ಎಂದಳು. ನಾನೂ ಅಲ್ಲಿಯೇ ಇದ್ದೆ.

ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. "ಸಂತೆಯ ಗದ್ದಲದಲ್ಲಿ ಸಾಗಿಸಿಬಿಡು" ಎಂದರು ಒಬ್ಬರು. "ಕೊಟ್ಟವನನ್ನು ಹುಡುಕೋಣ" ಎಂದರು ಇನ್ನೊಬ್ಬರು. ಆದರೆ ಕತ್ತಲಲ್ಲಿ ಕೊಟ್ಟವನ ಮುಖ ಯಾರಿಗೆ ನೆನಪಿರುತ್ತದೆ? ಆ ತಾಯಿ ನನ್ನ ಕಡೆ ತಿರುಗಿ ಕೇಳಿದರು: "ಸರ, ಇದೂ ಕಾಗದ, ಅದೂ ಕಾಗದ. ಅದಕ್ಕೆ ಐನೂರು ರೂಪಾಯಿ ಬೆಲೆ, ಇದಕ್ಕೆ ಒಂದು ಕಡ್ಡಿಪೆಟ್ಟಿಗೆನೂ ಬರಲ್ಲ ಅಂತೀರಿ. ಕಾಗದಕ್ಕೆ ಬೆಲೆ ಎಲ್ಲಿಂದ ಬಂತು, ಹೇಳ್ರಿ."

ನನಗೆ ಉತ್ತರ ತೋಚಲಿಲ್ಲ. ಹಾಗಾಗಿ ಊರಿಗೆ ಬಂದು ಓದಿಕೊಂಡೆ. ಆ ಪ್ರಶ್ನೆಗೆ ಉತ್ತರವೇ ಈ ಪಾಠ.

ತೂಕವೇ ಬೆಲೆಯಾಗಿದ್ದ ಕಾಲ

ನಾವು ಹಣಕ್ಕೆ ಹೇಳುವ ಮಾತುಗಳನ್ನೇ ಗಮನಿಸಿರಿ. ಹಣ, ದುಡ್ಡು, ಕಾಸು ಇವೆಲ್ಲ ಹಿಂದೆ ಬೇರೆ ಬೇರೆ ನಾಣ್ಯಗಳ ಹೆಸರುಗಳೇ ಆಗಿದ್ದವು. ಹಣ ಎಂಬುದು ಬೇಳೆಕಾಳಿನಷ್ಟು ಪುಟ್ಟ ಚಿನ್ನದ ನಾಣ್ಯ. ದುಡ್ಡು, ಕಾಸು ತಾಮ್ರದವು. ನಾಣ್ಯಗಳು ಹೋದರೂ ಹೆಸರುಗಳು ನಮ್ಮ ಬಾಯಲ್ಲಿ ಉಳಿದಿವೆ.

ಹರಿಹರದ ಹರಿಹರೇಶ್ವರ ದೇವಾಲಯವನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಆ ಕಾಲದ ಕನ್ನಡ ಶಾಸನಗಳಲ್ಲಿ ದಾನದತ್ತಿಗಳ ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ಬರುತ್ತದೆ. ಗದ್ಯಾಣ ಚಿನ್ನದ ದೊಡ್ಡ ನಾಣ್ಯ. ಪಣವೇ ಮುಂದೆ ಹಣವಾಯಿತು. ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ.

1336ರಲ್ಲಿ ವಿಜಯನಗರ ರಾಜ್ಯ ಸ್ಥಾಪನೆಯಾಯಿತು. ಹರಿಹರವನ್ನು ಮುಟ್ಟಿ ಹೋಗುವ ತುಂಗಭದ್ರೆಯ ದಡದಲ್ಲಿಯೇ ಮುಂದೆ ಹಂಪಿ ಇದೆ. ಅಲ್ಲಿಯ ಅರಸರು ಅಚ್ಚು ಹಾಕಿಸಿದ ಚಿನ್ನದ ವರಹ ದಕ್ಷಿಣ ದೇಶವೆಲ್ಲ ಸಲ್ಲುತ್ತಿತ್ತು. ಒಂದು ವರಹದ ತೂಕ ಸುಮಾರು 3.4 ಗ್ರಾಂ. ಹತ್ತು ಹಣಕ್ಕೆ ಒಂದು ವರಹ. ಮೈಸೂರಿನಲ್ಲಿ ಕಂಠೀರವ ನರಸರಾಜ ಒಡೆಯರು (1638–1659) ನರಸಿಂಹ ದೇವರ ರೂಪವಿದ್ದ ಕಂಠೀರಾಯಿ ಹಣವನ್ನು ತಂದರು. ಟಿಪ್ಪು ಸುಲ್ತಾನನ ಆನೆಯ ಗುರುತಿನ ತಾಮ್ರದ ನಾಣ್ಯಗಳು ಪ್ರಸಿದ್ಧ. ಅವನ ಟಂಕಸಾಲೆಗಳಲ್ಲಿ ಒಂದು ನಮ್ಮ ನೆರೆಯ ಚಿತ್ರದುರ್ಗದಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ "ಮಯಿಲಿ ಕಾಸು" ಎಂದು ಕನ್ನಡ ಅಕ್ಷರದಲ್ಲಿಯೇ ಬರೆದಿತ್ತು.

ಈ ಕಾಲದಲ್ಲೆಲ್ಲ ಬೆಲೆ ಇದ್ದದ್ದು ಲೋಹದಲ್ಲಿ. ನಾಣ್ಯವನ್ನು ಕರಗಿಸಿದರೂ ಚಿನ್ನ ಚಿನ್ನವೇ. ಆದರೆ ತೊಂದರೆಗಳೂ ಇದ್ದವು. ಒಂದೊಂದು ಸೀಮೆಗೆ ಒಂದೊಂದು ನಾಣ್ಯ. ಅಂಚು ಕೆತ್ತಿ ಚಿನ್ನ ಕದಿಯುವವರು, ಕೀಳು ಲೋಹ ಬೆರೆಸುವವರು ಆಗಲೂ ಇದ್ದರು. ಆದುದರಿಂದ ಪೇಟೆಗಳಲ್ಲಿ ಚಿನಿವಾರರು, ಶರಾಫರು ಕುಳಿತು ನಾಣ್ಯವನ್ನು ತೂಗಿ, ಒರೆಗಲ್ಲಿಗೆ ಹಚ್ಚಿ ಬೆಲೆ ಕಟ್ಟುತ್ತಿದ್ದರು. ಅದಕ್ಕೆ ಬಟ್ಟವನ್ನೂ ಹಿಡಿಯುತ್ತಿದ್ದರು. ನಷ್ಟ ಸಾಮಾನ್ಯವಾಗಿ ಬೀಳುತ್ತಿದ್ದದ್ದು ಲೆಕ್ಕ ಬಾರದ ರೈತನ ಮೇಲೆ.

ರೂಪಾಯಿಯ ಹುಟ್ಟು

ರೂಪಾಯಿ ಎಂಬುದು ಸಂಸ್ಕೃತದ "ರೂಪ್ಯ" ಎಂಬ ಶಬ್ದದಿಂದ ಬಂದಿದೆ. ರೂಪವನ್ನು ಒತ್ತಿದ ಬೆಳ್ಳಿ ಎಂದು ಅದರ ಅರ್ಥ. 1540ರಿಂದ 1545ರವರೆಗೆ ದೆಹಲಿಯಲ್ಲಿ ಆಳಿದ ಶೇರ್ ಶಹನು ಸುಮಾರು ಹನ್ನೊಂದೂವರೆ ಗ್ರಾಂ ತೂಕದ ಬೆಳ್ಳಿಯ ರೂಪಾಯಿಯನ್ನು ಕ್ರಮಬದ್ಧವಾಗಿ ಹೊರಡಿಸಿದನು. ಮೊಗಲ ಬಾದಶಹರು ಅದನ್ನೇ ಮುಂದುವರಿಸಿದರು.

ದಕ್ಷಿಣದಲ್ಲಿ ನಾವು ಬಹುಕಾಲ ವರಹವನ್ನೇ ಹಿಡಿದಿದ್ದೆವು. 1818ರಲ್ಲಿ ಮದ್ರಾಸು ಪ್ರಾಂತದಲ್ಲಿ ವರಹದ ಬದಲು ರೂಪಾಯಿ ಬಂತು. ವರಹಕ್ಕೆ ಮೂರೂವರೆ ರೂಪಾಯಿ ಎಂದು ಗೊತ್ತುಮಾಡಿದರು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಳ್ವಿಕೆಯ ಸೀಮೆಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ತಂದಿತು. ಅದರ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿದ ಮೇಲೆ ನಮ್ಮಲ್ಲಿಯೂ ಈ ರೂಪಾಯಿಯೇ ನೆಲೆಯಾಯಿತು.

ಆ ರೂಪಾಯಿಗೆ ಹದಿನಾರು ಆಣೆ. ಆಣೆಗೆ ನಾಲ್ಕು ಪೈಸೆ. ಪೈಸೆಗೆ ಮೂರು ಪೈ. ಬೆಳೆ ಚೆನ್ನಾಗಿ ಬಂದರೆ "ಹದಿನಾರಾಣೆ ಬೆಳೆ" ಎಂದೂ, ಮಳೆ ಕೈಕೊಟ್ಟರೆ "ನಾಲ್ಕಾಣೆ ಬೆಳೆ" ಎಂದೂ ನಮ್ಮ ಹಿರಿಯರು ಹೇಳುವುದು ಇದೇ ಲೆಕ್ಕದಿಂದ.

ಕಾಗದದ ಮೇಲೆ ಬರೆದ ಮಾತು

ಬೆಳ್ಳಿಯ ರೂಪಾಯಿ ಒಳ್ಳೆಯದೇ. ಆದರೆ ಸಾವಿರ ರೂಪಾಯಿ ಎಂದರೆ ಸುಮಾರು ಹನ್ನೊಂದೂಮುಕ್ಕಾಲು ಕಿಲೊ ಭಾರ. ಗಾಡಿಯಲ್ಲಿ ಅರಳೆ ತುಂಬಿಕೊಂಡು ಪೇಟೆಗೆ ಹೋದ ವ್ಯಾಪಾರಿ ಹಿಂದಕ್ಕೆ ಬೆಳ್ಳಿಯ ಮೂಟೆ ಹೊತ್ತು ಬರಬೇಕು. ದಾರಿಯಲ್ಲಿ ಕಳ್ಳರ ಭಯ. ಈ ಕಷ್ಟವನ್ನು ತಪ್ಪಿಸಲು ಕಾಗದ ಹುಟ್ಟಿತು.

ಮೊದಲು ನೋಟು ಹೊರಡಿಸಿದವು ಬ್ಯಾಂಕುಗಳು. ಕಲ್ಕತ್ತೆಯಲ್ಲಿ 1770ರಲ್ಲಿ ಆರಂಭವಾದ ಹಿಂದೂಸ್ಥಾನ ಬ್ಯಾಂಕು ಇವುಗಳಲ್ಲಿ ಹಳೆಯದು. ಮುಂದೆ ಬಂಗಾಳ, ಮುಂಬಯಿ, ಮದ್ರಾಸು ಪ್ರಾಂತಗಳ ಬ್ಯಾಂಕುಗಳೂ ನೋಟು ಹೊರಡಿಸಿದವು. 1861ರ ಕಾಗದ ಹಣದ ಕಾಯಿದೆಯು ಈ ಅಧಿಕಾರವನ್ನು ಬ್ಯಾಂಕುಗಳಿಂದ ತೆಗೆದು ಸರ್ಕಾರದ ಕೈಗೆ ಕೊಟ್ಟಿತು. ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಆ ಮೊದಲ ನೋಟುಗಳು ಕಾಗದದ ಒಂದೇ ಮುಖದ ಮೇಲೆ ಅಚ್ಚಾಗಿದ್ದವು.

ಆ ನೋಟಿನ ಮೇಲೆ ಇದ್ದದ್ದು ಒಂದು ವಾಗ್ದಾನ. ಈ ಕಾಗದವನ್ನು ತಂದುಕೊಟ್ಟವರಿಗೆ ಇಷ್ಟು ರೂಪಾಯಿ ಕೊಡುತ್ತೇವೆ ಎಂಬ ಮಾತು. ತಂದುಕೊಟ್ಟರೆ ಬೆಳ್ಳಿಯನ್ನೇ ಎಣಿಸಿ ಕೊಡುತ್ತಿದ್ದರು. ನಮ್ಮ ಗೋದಾಮಿನ ರಸೀತಿಯನ್ನು ನೆನೆಯಿರಿ. ಚೀಲ ಗೋದಾಮಿನಲ್ಲಿದೆ, ರಸೀತಿ ನಮ್ಮ ಕೈಯಲ್ಲಿದೆ. ರಸೀತಿಯ ಬೆಲೆ ಎಂದರೆ ಒಳಗಿರುವ ಕಾಳಿನ ಬೆಲೆ. ಮೊದಲ ನೋಟುಗಳೂ ಹಾಗೆಯೇ ಇದ್ದವು.

ಈ ಮಾತಿಗೂ ಗಡಿ ಇತ್ತು. ದೇಶವನ್ನು ಮುಂಬಯಿ, ಮದ್ರಾಸು, ಕಲ್ಕತ್ತೆ ಮುಂತಾದ ವೃತ್ತಗಳಾಗಿ ವಿಂಗಡಿಸಿದ್ದರು. ಒಂದು ವೃತ್ತದ ನೋಟು ಇನ್ನೊಂದು ವೃತ್ತದಲ್ಲಿ ಕಾಯಿದೆಯ ಪ್ರಕಾರ ಸಲ್ಲುತ್ತಿರಲಿಲ್ಲ. ಆಗ ಹರಿಹರದಲ್ಲಿ ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ. ಬೇರೆ ವೃತ್ತದ ನೋಟು ಹಿಡಿದು ಊರೂರು ತಿರುಗುವ ವ್ಯಾಪಾರಿಯ ಪಾಡು ಊಹಿಸಿಕೊಳ್ಳಿ. 1903ರಿಂದ 1911ರ ಒಳಗೆ ಐದು, ಹತ್ತು, ಐವತ್ತು, ನೂರು ರೂಪಾಯಿಯ ನೋಟುಗಳನ್ನು ಒಂದೊಂದಾಗಿ ದೇಶಕ್ಕೆಲ್ಲ ಸಲ್ಲುವಂತೆ ಮಾಡಿದರು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂತು. 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಟಿತು. ಮರುವರ್ಷ ಎರಡೂವರೆ ರೂಪಾಯಿಯ ನೋಟು ಸಹ ಬಂತು. 1928ರಿಂದ ನಾಸಿಕದಲ್ಲಿ ನೋಟಿನ ಅಚ್ಚು ನಡೆಯತೊಡಗಿತು. ಅದಕ್ಕೆ ಮುಂಚೆ ಇಂಗ್ಲೆಂಡಿನಿಂದ ಅಚ್ಚಾಗಿ ಬರುತ್ತಿದ್ದವು.

ಬೆಳ್ಳಿ ಹೋಯಿತು, ಮಾತು ಉಳಿಯಿತು

1935ರ ಏಪ್ರಿಲ್ 1ರಂದು ಭಾರತೀಯ ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿತು. ಅದು ತನ್ನ ಮೊದಲ ನೋಟನ್ನು, ಐದು ರೂಪಾಯಿಯದನ್ನು, 1938ರ ಜನವರಿಯಲ್ಲಿ ಹೊರಡಿಸಿತು.

ಇತ್ತ ನಾಣ್ಯದಿಂದ ಬೆಳ್ಳಿ ಜಾರತೊಡಗಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರಲ್ಲಿ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿಯೇ ಇಲ್ಲದ ನಿಕ್ಕಲ್ ರೂಪಾಯಿ ಬಂತು. ಸ್ವಾತಂತ್ರ್ಯದ ನಂತರ 1949ರ ಒಂದು ರೂಪಾಯಿ ನೋಟಿನಲ್ಲಿ ದೊರೆಯ ಚಿತ್ರ ಹೋಗಿ ಸಾರನಾಥದ ಅಶೋಕಸ್ತಂಭದ ಸಿಂಹಗಳು ಬಂದವು. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ರೂಪಾಯಿಗೆ ನೂರು ನಯಾಪೈಸೆ ಆಯಿತು. ನಾಲ್ಕಾಣೆಗೆ 25 ಪೈಸೆ ಎಂಬುದು ಸುಲಭ. ಆದರೆ ಒಂದಾಣೆಗೆ ಆರೂಕಾಲು ಪೈಸೆ! ಕಾಲು ಪೈಸೆ ಎಲ್ಲಿಂದ ತರುವುದು? ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಪಟ್ಟಿ ಮಾಡಿ ಜನರಿಗೆ ಕಲಿಸಬೇಕಾಯಿತು. 1964ರಲ್ಲಿ "ನಯಾ" ಎಂಬುದನ್ನು ಬಿಟ್ಟು ಬರಿಯ ಪೈಸೆ ಎಂದರು. ಮಹಾತ್ಮಾ ಗಾಂಧಿಯವರ ಚಿತ್ರ ಅವರ ಜನ್ಮಶತಾಬ್ದಿಯ 1969ರ ನೋಟುಗಳಲ್ಲಿ ಬಂದು, 1996ರಿಂದ ಎಲ್ಲ ಹೊಸ ನೋಟುಗಳಿಗೂ ನಿಂತಿತು. ರೂಪಾಯಿಗೆ ಈಗಿರುವ ₹ ಎಂಬ ಗುರುತು 2010ರದು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಐನೂರರ ನೋಟಿನ ಮೇಲೆ ಹಿಂದಿ, ಇಂಗ್ಲಿಷುಗಳಲ್ಲಿ ಒಂದು ವಾಕ್ಯವಿದೆ. ಈ ನೋಟನ್ನು ಹೊಂದಿರುವವರಿಗೆ ಐನೂರು ರೂಪಾಯಿ ಕೊಡುವೆನೆಂದು ವಚನ ಕೊಡುತ್ತೇನೆ ಎಂದು ಅದರ ತಾತ್ಪರ್ಯ. ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಇರುವುದು. ಕಾಯಿದೆಯ ಪ್ರಕಾರ ಈ ಮಾತಿಗೆ ಕೇಂದ್ರ ಸರ್ಕಾರದ ಜಾಮೀನು ಉಂಟು. ಈಗ ಅದನ್ನು ಒಯ್ದುಕೊಟ್ಟರೆ ಬೆಳ್ಳಿ ಕೊಡುವುದಿಲ್ಲ. ಅಷ್ಟೇ ಬೆಲೆಯ ಬೇರೆ ನೋಟು, ನಾಣ್ಯ ಕೊಡುತ್ತಾರೆ. ಆದರೂ ಗೊಬ್ಬರದ ಅಂಗಡಿಯವನು ಅದನ್ನು ತೆಗೆದುಕೊಂಡು ಚೀಲ ಕೊಡುತ್ತಾನೆ. ಏಕೆಂದರೆ ಅವನು ಕೊಡುವಾಗ ಬೇರೆಯವರೂ ತೆಗೆದುಕೊಳ್ಳುತ್ತಾರೆಂದು ಅವನಿಗೆ ಗೊತ್ತು. ಹಾಗೆ ತೆಗೆದುಕೊಳ್ಳಬೇಕೆಂದು ಕಾಯಿದೆಯೂ ಹೇಳುತ್ತದೆ. ಕಾಗದಕ್ಕೆ ಬೆಲೆ ಬಂದದ್ದು ಇಲ್ಲಿಂದ: ಮೇಲೆ ಸರ್ಕಾರದ ಮಾತು, ಕೆಳಗೆ ನಮ್ಮೆಲ್ಲರ ನಂಬಿಕೆ.

ಖೋಟಾ ನೋಟಿನ ಹಿಂದೆ ಯಾರ ಮಾತೂ ಇಲ್ಲ. ದೃಢೀಕರಿಸಿದ ಬಿತ್ತನೆ ಬೀಜವೂ, ಅದೇ ಬಣ್ಣದ ಚೀಲದಲ್ಲಿ ತುಂಬಿದ ಕಳಪೆ ಕಾಳೂ ಕಣ್ಣಿಗೆ ಒಂದೇ. ಒಂದರ ಹಿಂದೆ ಹೊಲ ನೋಡಿ ಚೀಟಿ ಕಟ್ಟಿದವರಿದ್ದಾರೆ. ಇನ್ನೊಂದರ ಹಿಂದೆ ಯಾರೂ ಇಲ್ಲ. ಬಿತ್ತಿದ ಮೇಲೆ ತಿಳಿಯುತ್ತದೆ, ಆದರೆ ಆಗ ಹೊತ್ತು ಮೀರಿರುತ್ತದೆ.

ಈ ಮಾತನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಲೂ ಬಹುದು. 1946, 1978ರಲ್ಲಿ ದೊಡ್ಡ ನೋಟುಗಳನ್ನು ರದ್ದು ಮಾಡಿದ್ದರು. 2016ರ ನವೆಂಬರ್ 8ರ ನಡುರಾತ್ರಿಯಿಂದ ಆಗಿನ ಐನೂರು, ಸಾವಿರದ ನೋಟುಗಳು ಸಲ್ಲದಾದವು. ಕಾಳಿನ ಗುಡಾಣದಲ್ಲಿ ಹಣ ಬಚ್ಚಿಟ್ಟು ಮರೆತಿದ್ದ ಅಜ್ಜಿಯರು ಎಷ್ಟೋ ಊರುಗಳಲ್ಲಿ ಪೇಚಾಡಿದರು. ಬೇಕಾದಷ್ಟೇ ನಗದು ಮನೆಯಲ್ಲಿಟ್ಟು ಉಳಿದದ್ದನ್ನು ಖಾತೆಯಲ್ಲಿಡುವುದು ಕ್ಷೇಮ.

ನೋಟು ಹತ್ತಿಯದು

ಹೊಳೆಯ ಎದುರು ದಡದ ಕುಮಾರಪಟ್ಟಣದಲ್ಲಿ ಮರದಿಂದ ತಿರುಳು ತೆಗೆಯುವುದನ್ನು ಹರಿಹರದವರು ಬಲ್ಲರು. ಸಾಮಾನ್ಯ ಕಾಗದವೂ ಮರದ ತಿರುಳಿನದೇ. ನೋಟಿನ ಕಾಗದ ಹಾಗಲ್ಲ. ಅದು ಹತ್ತಿಯ ಎಳೆಗಳಿಂದ ಆದದ್ದು. ಆದುದರಿಂದಲೇ ಅದು ಗರಿಗರಿಯಾಗಿರುವುದು, ಅಂಗಿಯೊಡನೆ ನೀರಿಗೆ ಬಿದ್ದರೂ ಬೇಗ ಕರಗದಿರುವುದು. ಒಂದು ಕಾಲದಲ್ಲಿ ದಾವಣಗೆರೆಯನ್ನು ಅದರ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿಗಳು ಬಹುಪಾಲು ನಿಂತವು. ಹತ್ತಿ ಇದ್ದ ಹೊಲಗಳಿಗೆ ಮೆಕ್ಕೆಜೋಳ ಬಂತು. ಆದರೂ ಹತ್ತಿಯ ಎಳೆಯನ್ನು ಬೆರಳಿನಿಂದ ಗುರುತಿಸುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ನೋಟು ನೋಡುವಾಗ ಆ ಬೆರಳಿನ ಜ್ಞಾನ ಕೆಲಸಕ್ಕೆ ಬರುತ್ತದೆ.

ಇಂದು ನೋಟುಗಳು ಅಚ್ಚಾಗುವುದು ನಾಲ್ಕು ಕಡೆ: ನಾಸಿಕ, ಮಧ್ಯಪ್ರದೇಶದ ದೇವಾಸ್, ಪಶ್ಚಿಮ ಬಂಗಾಳದ ಸಾಲ್ಬನಿ ಮತ್ತು ನಮ್ಮ ಮೈಸೂರು. ಮೈಸೂರಿನಲ್ಲಿ ನೋಟಿನ ಕಾಗದದ ಕಾರ್ಖಾನೆಯೂ ಇದೆ. ನೋಟಿನ ಮಸಿ ತಯಾರಿಸುವ ಘಟಕವನ್ನೂ ಅಲ್ಲಿ 2022ರಲ್ಲಿ ದೇಶಕ್ಕೆ ಅರ್ಪಿಸಲಾಯಿತು.

ಐವತ್ತರ ಹೊಸ ನೋಟಿನ ಹಿಂಭಾಗದಲ್ಲಿ ಹಂಪಿಯ ಕಲ್ಲಿನ ರಥವಿದೆ. ವರಹ ಅಚ್ಚಾದ ರಾಜ್ಯದ ಗುರುತು ಇಂದಿನ ರೂಪಾಯಿಯ ಬೆನ್ನಿನ ಮೇಲೆ ಬಂದಂತಾಯಿತು. ನೋಟುಗಳ ಹಿಂಭಾಗದಲ್ಲಿ ಹದಿನೈದು ಭಾಷೆಗಳ ಪಟ್ಟಿಯುಂಟು. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. "ಐನೂರು ರೂಪಾಯಿಗಳು" ಎಂದು ಅಲ್ಲಿ ಓದಬಹುದು. ಅಕ್ಷರ ಕಲಿಯುತ್ತಿರುವ ತಾಯಂದಿರು ಈ ಸಾಲನ್ನು ಹುಡುಕಿ ಓದುವ ಅಭ್ಯಾಸ ಮಾಡಲಿ. ಚೀಟಿಗಿಂತ ಒಳ್ಳೆಯ ಪಾಠಪುಸ್ತಕ ಅದು.

ಐನೂರರ ನೋಟನ್ನು ನೋಡುವ ಕ್ರಮ

ಒಂದೇ ಗುರುತನ್ನು ನಂಬಬಾರದು. ಎರಡು ಮೂರನ್ನಾದರೂ ನೋಡತಕ್ಕದ್ದು. ಒಂದು ಒಳ್ಳೆಯ ನೋಟನ್ನು ಪಕ್ಕದಲ್ಲಿಟ್ಟುಕೊಂಡರೆ ಹೋಲಿಸುವುದು ಸುಲಭ.

1. ಮುಟ್ಟಿ ನೋಡುವುದು: ಗಾಂಧಿಯವರ ಚಿತ್ರ, ಅಶೋಕಸ್ತಂಭ ಬೆರಳಿಗೆ ಉಬ್ಬಾಗಿ ಸಿಗಬೇಕು. ಎಡ, ಬಲ ಅಂಚುಗಳಲ್ಲಿ ಐದೈದು ಓರೆ ಗೆರೆಗಳು ಉಬ್ಬಾಗಿರುತ್ತವೆ. ನೂರರ ನೋಟಿಗೆ ಇಂಥ ಗೆರೆಗಳು ನಾಲ್ಕು. ಕಣ್ಣು ಕಾಣದವರಿಗೂ ತಿಳಿಯಲೆಂದು ಈ ಏರ್ಪಾಡು.

2. ಓರೆ ಮಾಡಿ ನೋಡುವುದು: ನೋಟಿನ ನಡುವೆ ಹೊಳೆಯುವ ದಾರ ಹಸಿರಿನಿಂದ ನೀಲಿಗೆ ತಿರುಗಬೇಕು. ಬಲಗಡೆ ಕೆಳಗಿರುವ ₹500 ಎಂಬ ಅಂಕಿಯೂ ಹಾಗೆಯೇ ಬಣ್ಣ ಬದಲಿಸಬೇಕು. ನಮ್ಮ ಸಂಘದ ಹೆಣ್ಣುಮಗಳು ಖೋಟಾ ಹಿಡಿದದ್ದು ಈ ಗುರುತಿನಿಂದಲೇ.

3. ಬೆಳಕಿಗೆ ಹಿಡಿದು ನೋಡುವುದು: ಖಾಲಿ ಇರುವ ಭಾಗದಲ್ಲಿ ಗಾಂಧಿಯವರ ಮುಖವೂ 500 ಎಂಬ ಅಂಕಿಯೂ ಕಾಗದದೊಳಗೆ ನೆರಳಿನಂತೆ ಕಾಣಬೇಕು.

4. ಸಂಖ್ಯೆ ನೋಡುವುದು: ನೋಟಿನ ಕ್ರಮಸಂಖ್ಯೆಯ ಅಂಕಿಗಳು ಎಡದಿಂದ ಬಲಕ್ಕೆ ಚಿಕ್ಕದರಿಂದ ದೊಡ್ಡದಾಗುತ್ತ ಹೋಗಬೇಕು.

5. ಅಳತೆ: ಉದ್ದ 150, ಅಗಲ 66 ಮಿಲಿಮೀಟರ್. ಬಣ್ಣ ಕಲ್ಲಿನ ಬೂದು. ಹಿಂಭಾಗದಲ್ಲಿ ಕೆಂಪುಕೋಟೆ.

ಕತ್ತಲಿರುವಾಗ ದೊಡ್ಡ ನೋಟು ತೆಗೆದುಕೊಳ್ಳಬೇಕಾದರೆ ದೀಪದ ಕೆಳಗೆ ಹೋಗಿ ನೋಡಿರಿ. ಕೊಟ್ಟವರ ಎದುರಿಗೇ ನೋಡಿರಿ. ಇದರಲ್ಲಿ ಸಂಕೋಚ ಬೇಡ. ತಕ್ಕಡಿಯ ಮುಳ್ಳನ್ನು ನೋಡುವಾಗ ನಾವು ಸಂಕೋಚಪಡುತ್ತೇವೆಯೇ?

ಖೋಟಾ ನೋಟು ಬಂದುಬಿಟ್ಟರೆ

ಅದನ್ನು ಬ್ಯಾಂಕಿಗೆ ಕೊಡಬೇಕು. ಬ್ಯಾಂಕಿನವರು ಅದರ ಮೇಲೆ ಖೋಟಾ ಎಂಬ ಮುದ್ರೆ ಒತ್ತಿ ಇಟ್ಟುಕೊಂಡು ರಸೀತಿ ಕೊಡತಕ್ಕದ್ದು. ಅದಕ್ಕೆ ಪ್ರತಿಯಾಗಿ ಹಣ ಸಿಗುವುದಿಲ್ಲ. ಒಂದೇ ಸಲಕ್ಕೆ ನಾಲ್ಕರವರೆಗೆ ಖೋಟಾ ನೋಟು ಸಿಕ್ಕರೆ ಬ್ಯಾಂಕು ತಿಂಗಳ ಕೊನೆಯಲ್ಲಿ ಪೊಲೀಸರಿಗೆ ಒಟ್ಟು ವರದಿ ಕಳಿಸುತ್ತದೆ. ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸ್ ದೂರು ದಾಖಲಾಗುತ್ತದೆ. ಮೋಸಹೋಗಿ ಒಂದು ನೋಟು ಪಡೆದವರು ಇದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಇನ್ನೊಂದಕ್ಕೆ. ಖೋಟಾ ಎಂದು ತಿಳಿದ ಮೇಲೂ ಅದನ್ನು ಒಳ್ಳೆಯದೆಂದು ಬೇರೆಯವರಿಗೆ ದಾಟಿಸುವುದು ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನ ಪ್ರಕಾರ ದೊಡ್ಡ ಅಪರಾಧ. ಹತ್ತು ವರ್ಷದವರೆಗೆ ಸೆರೆ, ಇಲ್ಲವೇ ಜೀವಾವಧಿ ಸೆರೆಯೂ ಆಗಬಹುದು.

ಹರಿದ ನೋಟಿನ ಮಾತು

ಖೋಟಾ ನೋಟಿಗೆ ಬೆಲೆಯಿಲ್ಲ. ಹರಿದ ನೋಟಿಗೆ ಬೆಲೆಯುಂಟು. ಇದನ್ನು ತಿಳಿಯದೆ ನಾನೇ ಒಮ್ಮೆ ನಷ್ಟಪಟ್ಟೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಐನೂರರ ಒಂದು ನೋಟಿನ ಮೂಲೆಯನ್ನು ಇಲಿ ತಿಂದಿತ್ತು. ಹೋದದ್ದು ಹತ್ತರಲ್ಲಿ ಒಂದು ಭಾಗವಷ್ಟೇ. ಬಸ್ ನಿಲ್ದಾಣದಲ್ಲಿ ಹರಿದ ನೋಟು ಕೊಳ್ಳುವವನೊಬ್ಬನಿಗೆ ರೂ. 350ಕ್ಕೆ ಕೊಟ್ಟುಬಂದೆ. ಬ್ಯಾಂಕಿಗೆ ಹೋಗಿದ್ದರೆ ಪೂರ್ತಿ ಐನೂರು ಸಿಗುತ್ತಿತ್ತು. ನಿಯಮ ಹೀಗಿದೆ:

ಒಂದರಿಂದ ಇಪ್ಪತ್ತು ರೂಪಾಯಿವರೆಗಿನ ನೋಟು: ಉಳಿದಿರುವ ದೊಡ್ಡ ತುಂಡು ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, ಇಲ್ಲದಿದ್ದರೆ ಏನೂ ಇಲ್ಲ.

ಐವತ್ತು ಮತ್ತು ಮೇಲಿನ ನೋಟು: ದೊಡ್ಡ ತುಂಡು ನೂರಕ್ಕೆ 80 ಪಾಲಿಗಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ; 40ರಿಂದ 80 ಪಾಲು ಇದ್ದರೆ ಅರ್ಧ ಬೆಲೆ; 40ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ.

ಇದಕ್ಕೆ ನಿಮ್ಮ ಖಾತೆಯಿರುವ ಬ್ಯಾಂಕೇ ಆಗಬೇಕೆಂದಿಲ್ಲ. ಕೊಳೆಯಾದ ನೋಟುಗಳನ್ನು ದಿನಕ್ಕೆ 20 ನೋಟು, ಒಟ್ಟು ರೂ. 5,000ದವರೆಗೆ ಯಾವ ಶುಲ್ಕವೂ ಇಲ್ಲದೆ ಬದಲಿಸಿಕೊಡುತ್ತಾರೆ.

ಇನ್ನೆರಡು ಮಾತು. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲವೆಂದು ಕೆಲವು ಅಂಗಡಿಗಳಲ್ಲಿ ಹೇಳುವುದುಂಟು. ಅದು ಸುಳ್ಳು. ಹದಿನಾಲ್ಕು ವಿನ್ಯಾಸಗಳ ಹತ್ತರ ನಾಣ್ಯಗಳೂ ಸಲ್ಲುತ್ತವೆಂದು ರಿಸರ್ವ್ ಬ್ಯಾಂಕು 2018ರಲ್ಲಿಯೇ ಸ್ಪಷ್ಟಪಡಿಸಿದೆ. 2016ರಲ್ಲಿ ಬಂದ ಎರಡು ಸಾವಿರದ ನೋಟನ್ನು 2023ರ ಮೇ 19ರಂದು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿದರು. ಮನೆಯಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿರಿ.

ಆ ನೋಟು ಏನಾಯಿತು?

ಆ ಸಂಜೆಯ ಸಭೆ ಬಹಳ ಹೊತ್ತು ನಡೆಯಿತು. ಸಂತೆಯಲ್ಲಿ ಸಾಗಿಸುವ ಮಾತಿಗೆ ಸಂಘದ ಹಿರಿಯ ಸದಸ್ಯೆಯೊಬ್ಬರು ಒಪ್ಪಲಿಲ್ಲ. "ಸಂತೆಯಾಗೆ ಅದನ್ನ ಇಸ್ಕೊಳ್ಳಾಕಿನೂ ನಮ್ಮಂಗೆ ಸೊಪ್ಪು ಮಾರಾಕಿನೇ ಇರ್ತಾಳೆ" ಎಂದರು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಮರುದಿನ ಆ ತಾಯಿಯೂ ಹಣ ತೆಗೆದುಕೊಳ್ಳುವ ಹೆಣ್ಣುಮಗಳೂ ಬ್ಯಾಂಕಿಗೆ ಹೋಗಿ ನೋಟು ಕೊಟ್ಟು ರಸೀತಿ ತಂದರು. ನಷ್ಟದಲ್ಲಿ ಅರ್ಧವನ್ನು ಸಂಘ ತನ್ನ ನಿಧಿಯಿಂದ ಹಾಕಿತು. ಉಳಿದ ರೂ. 250ನ್ನು ಅವರು ವಾರಕ್ಕೆ ರೂ. 25ರಂತೆ ಹತ್ತು ವಾರ ಕಟ್ಟಿ ತೀರಿಸಿದರು. ಈಗ ಆ ಸಂಘದಲ್ಲಿ ಪ್ರತಿಯೊಬ್ಬರೂ ಐನೂರರ ನೋಟನ್ನು ಮುಟ್ಟಿ, ಓರೆ ಮಾಡಿ, ಬೆಳಕಿಗೆ ಹಿಡಿದು ನೋಡಿಯೇ ತೆಗೆದುಕೊಳ್ಳುತ್ತಾರೆ.

ಹಿಂದೆ ನಾಣ್ಯವನ್ನು ಒರೆಗೆ ಹಚ್ಚಲು ಚಿನಿವಾರರಿದ್ದರು. ಈಗ ಆ ಕೆಲಸ ನಮ್ಮ ಕೈಗೆ ಬಂದಿದೆ. ಬಾಂಧವರೆಲ್ಲರೂ ಇದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ತೋರಿಸಿಕೊಡಬೇಕೆಂದು ಕೋರುತ್ತೇನೆ.

ಓದುಕೂಟದಲ್ಲಿ ಚರ್ಚಿಸಲು

1. ವರಹದ ಬೆಲೆ ಎಲ್ಲಿತ್ತು? ಇಂದಿನ ನೋಟಿನ ಬೆಲೆ ಎಲ್ಲಿದೆ?
2. 1861ರ ನೋಟನ್ನು ಗೋದಾಮಿನ ರಸೀತಿಗೆ ಏಕೆ ಹೋಲಿಸಲಾಗಿದೆ?
3. ನೂರರ ಒಂದು ನೋಟಿನಲ್ಲಿ ನೂರಕ್ಕೆ 60 ಪಾಲು ಮಾತ್ರ ಉಳಿದಿದೆ. ಬ್ಯಾಂಕಿನಲ್ಲಿ ಎಷ್ಟು ಸಿಗುತ್ತದೆ? ಹತ್ತರ ನೋಟಾಗಿದ್ದರೆ ಎಷ್ಟು?
4. ನಿಮ್ಮಲ್ಲಿರುವ ಒಂದು ನೋಟನ್ನು ತೆಗೆದು ಕನ್ನಡದ ಸಾಲನ್ನು ಹುಡುಕಿ ಓದಿರಿ. ಓರೆ ಗೆರೆಗಳನ್ನು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಎಣಿಸಿರಿ.
5. ಸಂಘದ ಸದಸ್ಯರೊಬ್ಬರಿಗೆ ಖೋಟಾ ನೋಟು ಬಂದರೆ ನಷ್ಟವನ್ನು ಯಾರು ಹೊರಬೇಕು? ನಿಮ್ಮ ಸಂಘದಲ್ಲಿ ಮೊದಲೇ ಒಂದು ತೀರ್ಮಾನ ಮಾಡಿಡಿರಿ.